ಬೆಣ್ಣೆಗೆ ಹೆಸರು ಕಟ್ಟಿದವರು, ಹೆಸರನ್ನು ಕೈಬಿಡದ ರೈತರು

ಶೇಂಗಾ ಬೆಳೆಯುವವರು ನಾವು, ಎಣ್ಣೆ ಡಬ್ಬದ ಮೇಲಿನ ಹೆಸರು ಇನ್ಯಾರದೋ. ನವಣೆ ಬೆಳೆಯುವವರು ನಾವು, ಪೊಟ್ಟಣದ ಮೇಲೆ ಪೇಟೆಯ ಕಂಪೆನಿಯ ಮುದ್ರೆ. ಮಂಡಿಯಲ್ಲಿ ಮೂಟೆ ಇಳಿಸಿ ಚೀಟಿ ಕೈಗೆ ತೆಗೆದುಕೊಂಡ ಗಳಿಗೆಗೆ ನಮ್ಮ ಮಾಲು ಹೆಸರಿಲ್ಲದ ಮಾಲಾಗುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಯಾರು ಹೆಸರಿಡುತ್ತಾರೋ ಅವರೇ ಯಜಮಾನರು.

ಹಾಗಾಗದೆ ಉಳಿದ ಮಾಲು ಒಂದಿದೆ. ಗುಜರಾತಿನ ಖೇಡಾ ಜಿಲ್ಲೆಯ ಹಾಲು. ಅಲ್ಲಿಯ ರೈತರು ತಮ್ಮ ಬೆಣ್ಣೆಗೆ ತಾವೇ ಹೆಸರಿಟ್ಟರು, ಆ ಹೆಸರನ್ನು ಸಾರಲು ಮುಂಬೈಯ ಒಂದು ಜಾಹೀರಾತು ಕಂಪೆನಿಯನ್ನು ಕೂಲಿಗೆ ಹಿಡಿದರು. ಆ ಕಂಪೆನಿ ಬೆಳೆಯಿತು, ಬೆಣ್ಣೆ ಬೆಳೆಯಿತು, ಆದರೆ ಹೆಸರು ಮಾತ್ರ ರೈತರ ಹತ್ತಿರವೇ ಉಳಿಯಿತು. ಜಾಹೀರಾತು ಅಂದರೆ ಸೋಪು ಸಿಗರೇಟಿನವರ ವ್ಯವಹಾರ, ನಮಗೇಕೆ ಅಂತ ಅನ್ನುವವರೂ ಇದನ್ನು ಒಮ್ಮೆ ಓದಬೇಕು. ನಾನು ಓದಿದ್ದು ಏಳನೇ ತರಗತಿ. ಡೇರಿಯ ಮುಖಂಡ ಕುರಿಯನ್ ಅವರ ಆತ್ಮಕಥೆಯನ್ನು ಮಗಳು ರಾತ್ರಿ ಹೊತ್ತು ಓದಿ ಕನ್ನಡದಲ್ಲಿ ಹೇಳಿದಳು. ಮುಂಬೈಯಲ್ಲಿ ಬೋರ್ಡ್ ಬರೆಯುತ್ತಿದ್ದ ನಮ್ಮ ಸೋದರಮಾವನಿಂದ ಇನ್ನಷ್ಟು ತಿಳಿಯಿತು. ನಮ್ಮ ಸಂಘಕ್ಕೆ ಬೇಕಾಗಿ ಒಂದೆರಡು ವರ್ಷದಿಂದ ನಾನೇ ಕೆದಕಿ ವಿಚಾರಿಸಿದ್ದೂ ಇದೆ.

ಜಾಹೀರಾತಿನವರೂ ಒಂದು ಬಗೆಯ ದಲ್ಲಾಳಿಗಳೇ

ಮೊದಲು ಇವರ ಹೊಟ್ಟೆಪಾಡು ಹೇಗೆ ಅಂತ ತಿಳಿಯಬೇಕು. ಮಂಡಿಯಲ್ಲಿ ದಲ್ಲಾಳಿ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಕಮಿಷನ್ ತಿನ್ನುತ್ತಾನಲ್ಲ, ಇದೂ ಹಾಗೆಯೇ. ಮಾಲಿನವನು ಪತ್ರಿಕೆಯಲ್ಲಿ ಜಾಗ ಕೊಳ್ಳಬೇಕು. ಆ ಜಾಗವನ್ನು ಏಜೆನ್ಸಿ ಕೊಡಿಸುತ್ತದೆ. ಪತ್ರಿಕೆಯವರು ಆ ಹಣದಲ್ಲಿ ನೂರಕ್ಕೆ 15 ರೂಪಾಯಿ ಏಜೆನ್ಸಿಗೆ ಬಿಟ್ಟುಕೊಡುವುದು ಬಹಳ ಕಾಲದ ಪದ್ಧತಿ. ಚಿತ್ರ ಬರೆಯುವುದು, ಮಾತು ಹೊಸೆಯುವುದು ಆ 15ರ ಒಳಗೇ. ಅಂದರೆ ಮಾಲಿನವನು ಎಷ್ಟು ಹೆಚ್ಚು ಖರ್ಚು ಮಾಡುತ್ತಾನೋ ಏಜೆನ್ಸಿಗೆ ಅಷ್ಟು ಲಾಭ. ಈಗ ಈ ಪದ್ಧತಿ ಸಡಿಲವಾಗಿ ತಿಂಗಳಿಗಿಷ್ಟು, ಕೆಲಸಕ್ಕಿಷ್ಟು ಅಂತ ಮಾತಾಡುವವರೇ ಜಾಸ್ತಿ. ಆದರೂ ಹಳೇ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೆಣ್ಣೆ ಅಂದರೆ ಪೋಲ್ಸನ್ ಅನ್ನುವ ಕಾಲ

ಮುಂಬೈಯಲ್ಲಿ ಪೆಸ್ತೊನ್‌ಜಿ ಎಡುಲ್‌ಜಿ ದಲಾಲ್ ಅಂತ ಒಬ್ಬ ಪಾರ್ಸಿ ವ್ಯಾಪಾರಿ. ಅಡ್ಡ ಹೆಸರು ಪಾಲಿ. ಅದರಿಂದಲೇ ಪೋಲ್ಸನ್ ಅಂತ ಹೆಸರು ಕಟ್ಟಿದ. ಮೊದಲು ಕಾಫಿ ಪುಡಿ, ಆಮೇಲೆ ಬೆಣ್ಣೆ. ಗುಜರಾತಿನ ಆನಂದ್‌ನಲ್ಲಿ ಅವನ ಕಾರ್ಖಾನೆ. ಸುತ್ತಲ ಹಳ್ಳಿಗಳ ಎಮ್ಮೆ ಹಾಲೆಲ್ಲ ಅವನ ಕಡೆಗೇ ಹರಿಯಬೇಕು. 1945ರಲ್ಲಿ ಮುಂಬೈ ಸರಕಾರ ಪಟ್ಟಣಕ್ಕೆ ಹಾಲು ಒದಗಿಸುವ ಯೋಜನೆ ಮಾಡಿದಾಗ ಖೇಡಾದ ಹಾಲು ಕೂಡಿಹಾಕುವ ಗುತ್ತಿಗೆ ಅವನಿಗೇ ಸಿಕ್ಕಿತು. ಪಟ್ಟಣದಲ್ಲಿ ಹಾಲಿನ ದರ ಏರಿತು, ಎಮ್ಮೆ ಕಟ್ಟಿದವನ ಕೈಗೆ ಬರುವುದು ಏರಲಿಲ್ಲ. ಈ ಕಥೆಯಲ್ಲಿ ನಮಗೆ ಹೊಸದೇನೂ ಇಲ್ಲ.

1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ರೈತರು ಸಭೆ ಸೇರಿದರು. ಮೊರಾರ್ಜಿ ದೇಸಾಯಿ ಬಂದಿದ್ದರು. ಹಿಂದಿನಿಂದ ಸರ್ದಾರ್ ಪಟೇಲರ ಸಲಹೆ ಇತ್ತು. ಸಹಕಾರ ಸಂಘ ಕಟ್ಟುವುದು, ಒಪ್ಪದಿದ್ದರೆ ಹಾಲು ಕೊಡದಿರುವುದು ಅಂತ ತೀರ್ಮಾನ. ಹದಿನೈದು ದಿನ ಹಾಲು ಪಟ್ಟಣಕ್ಕೆ ಹೋಗಲಿಲ್ಲ, ನೆಲಕ್ಕೆ ಹೋಯಿತು. ಸರಕಾರ ಬಗ್ಗಿತು. ಅದೇ ವರ್ಷ ಡಿಸೆಂಬರ್ 14ಕ್ಕೆ ತ್ರಿಭುವನದಾಸ್ ಪಟೇಲರ ಅಧ್ಯಕ್ಷತೆಯಲ್ಲಿ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟ ರಿಜಿಸ್ಟರ್ ಆಯಿತು. 1948ರಲ್ಲಿ ಕೆಲಸ ಶುರುವಾದಾಗ ಎರಡು ಹಳ್ಳಿಯ ಸಂಘ, ದಿನಕ್ಕೆ 250 ಲೀಟರ್ ಹಾಲು. ಇವತ್ತು ನಮ್ಮ ಹೋಬಳಿಯ ಒಂದು ಡೇರಿಗೆ ಬರುವಷ್ಟು! ಮರುವರ್ಷ ಕೇರಳ ಮೂಲದ ವರ್ಗೀಸ್ ಕುರಿಯನ್ ಸರಕಾರಿ ನೌಕರಿಯ ಮೇಲೆ ಆನಂದ್‌ಗೆ ಬಂದರು. ಆಮೇಲೆ ಒಕ್ಕೂಟಕ್ಕೇ ಸೇರಿ ಅಲ್ಲೇ ನಿಂತರು.

1955ರಲ್ಲಿ ಪುಡಿ, ಬೆಣ್ಣೆ ಮಾಡುವ ಕಾರ್ಖಾನೆ ಎದ್ದಿತು. ನೆಹರೂ ಬಂದು ತೆರೆದರು. ಮಾಲಿಗೆ ಹೆಸರು ಬೇಕಾಯಿತು. ಅಮೂಲ್ಯ ಎಂಬ ಮಾತಿನಿಂದ ಅಮೂಲ್ ಅಂತ ಹೊಳೆಯಿತು. ಆನಂದ್ ಮಿಲ್ಕ್ ಯೂನಿಯನ್ ಲಿಮಿಟೆಡ್ ಅನ್ನುವುದರ ಮೊದಲಕ್ಷರಗಳಿಗೂ ಹೊಂದಿಕೊಂಡಿತು. ಹೆಸರು ಸಿಕ್ಕಿತು ಅಂತ ಬೆಣ್ಣೆ ಖರ್ಚಾಗಲಿಲ್ಲ ನೋಡಿ. ಪಟ್ಟಣದ ಜನರ ನಾಲಿಗೆ ಪೋಲ್ಸನ್ ರುಚಿಗೆ ಒಗ್ಗಿಹೋಗಿತ್ತು. ಅವನದು ಇಟ್ಟು ಹುಳಿಯಾದ ಕೆನೆಯ ಬೆಣ್ಣೆ, ಉಪ್ಪು ಜಾಸ್ತಿ, ಬಣ್ಣ ಹಳದಿ. ಇವರದು ತಾಜಾ ಕೆನೆ, ಎಮ್ಮೆ ಹಾಲಿನ ಬಿಳೀ ಬೆಣ್ಣೆ. ಜನ ಸಪ್ಪೆ ಅಂದರು. ಕೊನೆಗೆ ಇವರೂ ಉಪ್ಪು ಹೆಚ್ಚಿಸಿ, ಕಾನೂನು ಒಪ್ಪುವ ಬಣ್ಣ ಪರಿಮಳ ಸೇರಿಸಿ ದಾರಿಗೆ ಬಂದರು. ನಮ್ಮ ಮಾಲು ಶುದ್ಧ, ಜನ ತಾವಾಗಿ ಬರುತ್ತಾರೆ ಅಂತ ಕೂರುವ ನಮ್ಮಂಥವರು ಇದನ್ನು ಗಮನಿಸಬೇಕು. ಬೆರಕೆ ಮಾಡಿ ಅಂತ ನಾನು ಹೇಳುತ್ತಿಲ್ಲ. ತಿನ್ನುವವನ ನಾಲಿಗೆ ಯಾವುದಕ್ಕೆ ಒಗ್ಗಿದೆ ಅಂತ ನೋಡದೆ ಮಾರಲು ಹೊರಟರೆ ಮೂಟೆ ವಾಪಸ್ ಬರುತ್ತದೆ ಅಂತಷ್ಟೆ.

ಒಂದು ಪುಟ್ಟ ಹುಡುಗಿ

ಮೊದಲ ಹತ್ತು ವರ್ಷ ಅಮೂಲ್ ಬೆಣ್ಣೆಯ ಜಾಹೀರಾತು ಒಣ ಒಣ. ಶುದ್ಧ ಹಾಲು, ಶುಚಿಯಾದ ಕಾರ್ಖಾನೆ, ಸಹಕಾರಿ ಡೇರಿ ಅಂತ ಸರಕಾರಿ ಬೋರ್ಡಿನ ಹಾಗೆ. 1966ರಲ್ಲಿ ಬೆಣ್ಣೆಯ ಜಾಹೀರಾತಿನ ಕೆಲಸ ಮುಂಬೈಯ ಎಎಸ್‌ಪಿ ಎಂಬ ಏಜೆನ್ಸಿಗೆ ಹೋಯಿತು. ಅಡ್ವರ್ಟೈಸಿಂಗ್ ಅಂಡ್ ಸೇಲ್ಸ್ ಪ್ರಮೋಷನ್ ಅಂತ ಅದರ ಪೂರ್ತಿ ಹೆಸರು. ಅಲ್ಲಿ ಕೆಲಸ ನೋಡುತ್ತಿದ್ದವರು ಸಿಲ್ವೆಸ್ಟರ್ ಡಕುನ್ಹಾ, ಚಿತ್ರ ಬರೆಯುವವರು ಯೂಸ್ಟೇಸ್ ಫರ್ನಾಂಡಿಸ್. ಪೋಲ್ಸನ್‌ನವರ ಜಾಹೀರಾತಿನಲ್ಲಿ ಆಗಲೇ ಒಬ್ಬಳು ಹುಡುಗಿ ಇದ್ದಳು. ಅವಳಿಗೆ ಎದುರಾಗಿ ಇವರು ತಮ್ಮ ಹುಡುಗಿಯನ್ನು ನಿಲ್ಲಿಸಿದರು. ಚುಕ್ಕೆ ಚುಕ್ಕೆಯ ಫ್ರಾಕು, ತಲೆಗೆ ರಿಬ್ಬನ್, ಉಬ್ಬಿದ ಕೆನ್ನೆ. ಕೈಮುಗಿದು ದೇವರ ಪ್ರಾರ್ಥನೆಗೆ ಕೂತಿದ್ದಾಳೆ, ಒಂದು ಕಣ್ಣು ಮಾತ್ರ ಬೆಣ್ಣೆಯ ಮೇಲೆ. ಇದು ಶುರುವಿನ ಚಿತ್ರಗಳಲ್ಲಿ ಒಂದು. ಅಟ್ಟರ್ಲಿ ಬಟ್ಟರ್ಲಿ ಡೆಲಿಶಿಯಸ್ ಅನ್ನುವ ಪ್ರಾಸ ಆಗ ಹುಟ್ಟಿದ್ದು. ಅದಕ್ಕೆ ಮೊದಲ ಎಳೆ ಕೊಟ್ಟವರು ಡಕುನ್ಹಾ ಅವರ ಮಡದಿ ನಿಶಾ. ಇಂಗ್ಲಿಷ್ ಬಲ್ಲವರು ಅದು ವ್ಯಾಕರಣಕ್ಕೆ ಕೂರುವುದಿಲ್ಲ ಅನ್ನುತ್ತಾರೆ. ಬಾಯಲ್ಲಿ ಕೂತಿತಲ್ಲ, ಸಾಕು.

ಇಲ್ಲಿ ನಮ್ಮ ಮಾವ ಹೇಳಿದ್ದು ಬರೆಯಬೇಕು. ಆಗ ಫ್ಲೆಕ್ಸ್ ಇರಲಿಲ್ಲ. ರಸ್ತೆ ಬದಿಯ ದೊಡ್ಡ ಬೋರ್ಡೆಲ್ಲ ಕೈಯಲ್ಲೇ ಬರೆಯಬೇಕು. ಸಣ್ಣ ಚಿತ್ರದ ಮೇಲೆ ಚೌಕ ಚೌಕ ಗೆರೆ ಎಳೆದು, ಅಷ್ಟೇ ಚೌಕವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಎಳೆದು, ಒಂದೊಂದೇ ಚೌಕ ತುಂಬಿಕೊಂಡು ಹೋಗುವುದು. ಸಿನಿಮಾ ನಾಯಕಿಯ ಮುಖಕ್ಕೆ ಮೂರು ನಾಲ್ಕು ದಿನ ಬೇಕು, ಮೂಗು ಸ್ವಲ್ಪ ಸೊಟ್ಟ ಆದರೆ ಬೈಗುಳ. ಈ ಬೆಣ್ಣೆ ಹುಡುಗಿಗೆ ಮೂಗೇ ಇಲ್ಲ! ಯಾರು ಬರೆದರೂ ಅವಳೇ ಅಂತ ಗುರುತು ಸಿಗುತ್ತದೆ. ಬೋರ್ಡುಗಳನ್ನು ಮೇಲಿಂದ ಮೇಲೆ ಬದಲಿಸಬೇಕು, ಯಾವ ಪೇಂಟರ್ ಕೈಗೆ ಹೋದರೂ ಕೆಡಬಾರದು ಅಂತಲೇ ಅಷ್ಟು ಸರಳವಾಗಿ ಬರೆದದ್ದು ಅಂತ ಡಕುನ್ಹಾ ಅವರೂ ಹೇಳಿಕೊಂಡಿದ್ದಾರೆ. ಮಾವನಿಗೆ ಆ ಕೆಲಸ ಯಾವತ್ತೂ ಸಿಗಲಿಲ್ಲ. ಸೋಪು, ಸಿನಿಮಾ, ಹಲ್ಲುಪುಡಿ ಬರೆದೇ ಅವನ ಬೆನ್ನು ಬಾಗಿತು.

1969ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ತಮ್ಮದೇ ಏಜೆನ್ಸಿ ತೆರೆದರು. ಬೆಣ್ಣೆಯ ಕೆಲಸ ಅವರ ಜೊತೆ ಹೋಯಿತು. ಅವತ್ತಿನಿಂದ ಆ ಮನೆಯವರ ಕೈಯಲ್ಲೇ ಇದೆ. ತಂದೆಯ ನಂತರ ಮಗ ರಾಹುಲ್ ವಹಿಸಿಕೊಂಡರು. ಅವರ ಜೊತೆ ಮಾತು ಬರೆಯಲು ಮನೀಶ್ ಝಾವೇರಿ, ಚಿತ್ರಕ್ಕೆ ಜಯಂತ್ ರಾಣೆ, ಹೀಗೆ ಮೂರು ಜನ ವರ್ಷಾನುಗಟ್ಟಲೆ ಇದನ್ನು ನಡೆಸಿಕೊಂಡು ಬಂದರು. ಸಿಲ್ವೆಸ್ಟರ್ 2023ರ ಜೂನ್‌ನಲ್ಲಿ ತೀರಿಕೊಂಡರು. ಹುಡುಗಿಯನ್ನು ಬರೆದ ಫರ್ನಾಂಡಿಸ್ 2010ರಲ್ಲೇ ಹೋಗಿದ್ದರು. ಐವತ್ತು ವರ್ಷ ದಾಟಿದರೂ ಅವಳ ಫ್ರಾಕು ಬದಲಾಗಿಲ್ಲ.

ಕೇಳದೆ ಹಾಕುವ ಸ್ವಾತಂತ್ರ್ಯ

ಜಾಹೀರಾತು ಲೋಕದಲ್ಲಿ ಮಾಲಿನವನು ಹತ್ತು ಸಲ ತಿದ್ದಿಸದೆ ಒಂದಕ್ಷರ ಅಚ್ಚಾಗುವುದಿಲ್ಲವಂತೆ. ಕುರಿಯನ್ ಮಾತ್ರ ಈ ಏಜೆನ್ಸಿಗೆ ನಮಗೆ ತೋರಿಸಿ ಒಪ್ಪಿಗೆ ಪಡೆಯುವ ಅಗತ್ಯವಿಲ್ಲ ಅಂತ ಬಿಟ್ಟುಕೊಟ್ಟರು. ಇದರಿಂದ ಏನಾಯಿತು? ಊರಲ್ಲಿ ಇವತ್ತು ನಡೆದ ಸುದ್ದಿ ಎರಡು ಮೂರು ದಿನದಲ್ಲಿ ಬೆಣ್ಣೆಯ ಬೋರ್ಡಿನ ಮೇಲೆ. ಕಲ್ಕತ್ತಾದಲ್ಲಿ ಬಂದ್ ಮಾಡುವವರು ಚೋಲ್ಬೇ ನಾ ಅಂದರೆ ನಡೆಯೋದಿಲ್ಲ ಅಂತ ಕೂಗುತ್ತಿದ್ದ ದಿನಗಳಲ್ಲಿ, ಬೆಣ್ಣೆ ಇಲ್ಲದ ಬ್ರೆಡ್ಡು ಚೋಲ್ಬೇ ನಾ ಚೋಲ್ಬೇ ನಾ ಅಂತ ಬೋರ್ಡು ಬಂತು. 1976ರಲ್ಲಿ ತುರ್ತುಪರಿಸ್ಥಿತಿ, ಬಲವಂತದ ಸಂತಾನಹರಣ ಚಿಕಿತ್ಸೆ. ನಮ್ಮೂರಿನಲ್ಲೂ ಆಗಿನ ಹಿರಿಯರು ಹೊಲದಲ್ಲಿ ಅಡಗಿ ಮಲಗಿದ್ದ ಕಥೆ ಕೇಳಿದ್ದೇನೆ. ಆ ಹೊತ್ತಿನಲ್ಲಿ ಹುಡುಗಿ ನರ್ಸ್ ವೇಷದಲ್ಲಿ ಬೆಣ್ಣೆ ತಟ್ಟೆ ಹಿಡಿದು, ನಾವು ಮೊದಲಿನಿಂದಲೂ ಕಡ್ಡಾಯ ಸ್ಟೆರಿಲೈಸೇಷನ್ ಮಾಡುವವರೇ ಅಂದಳು. ಇಂಗ್ಲಿಷಿನಲ್ಲಿ ಆ ಮಾತಿಗೆ ಆಪರೇಷನ್ ಅಂತಲೂ ಅರ್ಥ, ಕ್ರಿಮಿ ಕೊಲ್ಲುವುದು ಅಂತಲೂ ಅರ್ಥ. ಪತ್ರಿಕೆಗಳೇ ಬಾಯಿ ಮುಚ್ಚಿದ್ದ ಕಾಲ ಅದು.

ಇಂಡಿಯನ್ ಏರ್‌ಲೈನ್ಸ್ ಮುಷ್ಕರವನ್ನು ಆಡಿಕೊಂಡಾಗ ವಿಮಾನದಲ್ಲಿ ನಿಮ್ಮ ಬೆಣ್ಣೆ ಬಡಿಸುವುದಿಲ್ಲ ಅಂತ ಅವರು ಹೆದರಿಸಿದ್ದರು. ಗಣಪತಿ ಹಬ್ಬದ ಬೋರ್ಡಿಗೂ ಗಲಾಟೆಯಾಗಿದೆ. ಅಂದರೆ ಏಜೆನ್ಸಿಗೆ ಕೊಟ್ಟ ಸ್ವಾತಂತ್ರ್ಯದ ಬಿಸಿ ತಟ್ಟುವುದು ಕೊನೆಗೆ ಮಾಲಿನ ಯಜಮಾನನಿಗೇ, ಅಂದರೆ ಎರಡು ಎಮ್ಮೆ ಕಟ್ಟಿದ ರೈತನಿಗೆ. ಅದನ್ನು ತಡೆದುಕೊಳ್ಳುವ ಗಟ್ಟಿತನ ಒಕ್ಕೂಟಕ್ಕೆ ಇತ್ತು. ಎರಡನೆಯದಾಗಿ ಖರ್ಚು ನೋಡಿ. ವಹಿವಾಟಿನ ನೂರಕ್ಕೆ ಒಂದು ರೂಪಾಯಿಗಿಂತ ಕಡಿಮೆ ಜಾಹೀರಾತಿಗೆ ಅಂತ ಅಮೂಲ್‌ನ ಅಧಿಕಾರಿಗಳು ಹೇಳುತ್ತಾ ಬಂದಿದ್ದಾರೆ. ಬೇರೆ ತಿಂಡಿ ಕಂಪೆನಿಗಳು ಇದರ ಎಷ್ಟೋ ಪಟ್ಟು ಚೆಲ್ಲುತ್ತವೆ. ಹಾಲು ಹಾಕುವವನ ದುಡ್ಡಿನಲ್ಲಿ ಜಾಹೀರಾತಿಗೆ ಹೋಗುವುದು ಕಡಿಮೆಯಾದಷ್ಟೂ ಅವನ ಚೀಟಿಗೆ ಬರುವುದು ಜಾಸ್ತಿ. ನೂರಕ್ಕೆ 15ರ ಲೆಕ್ಕ ಮೊದಲೇ ಹೇಳಿದ್ದು ಅದಕ್ಕೆ. ಕಡಿಮೆ ಖರ್ಚಿನ ಯಜಮಾನನಿಗೆ ಒಳ್ಳೆಯ ಕೆಲಸಗಾರ ನಿಲ್ಲಬೇಕಾದರೆ ಹಣ ಬಿಟ್ಟು ಬೇರೆ ಏನಾದರೂ ಕೊಡಬೇಕು. ಇವರು ಸ್ವಾತಂತ್ರ್ಯ ಕೊಟ್ಟರು.

ಎರಡೆರಡು ರೂಪಾಯಿಯ ಸಿನಿಮಾ

ಏಜೆನ್ಸಿಯವರು ಜಾಹೀರಾತಿನ ಜೊತೆ ಸಾರ್ವಜನಿಕ ಸಂಪರ್ಕ ಅಂತ ಇನ್ನೊಂದು ಕೆಲಸ ಮಾಡುತ್ತಾರೆ. ಮಾಲು ಕೊಳ್ಳಿ ಅನ್ನದೆ, ನಾವು ಇಂಥವರು ಅಂತ ಜನರಿಗೆ ತಿಳಿಸುವುದು. ಅಮೂಲ್ ರೈತರು ಇದನ್ನು ಮಾಡಿದ ಬಗೆ ಬೇರೆ ಯಾರೂ ಮಾಡಿದ್ದು ನಾನು ಕೇಳಿಲ್ಲ. ಶ್ಯಾಮ್ ಬೆನೆಗಲ್ ಸಿನಿಮಾಕ್ಕೆ ಬರುವ ಮುಂಚೆ ಜಾಹೀರಾತು ಏಜೆನ್ಸಿಗಳಲ್ಲಿ ದುಡಿದವರು, ಇದೇ ಎಎಸ್‌ಪಿಯಲ್ಲೂ ಇದ್ದವರು. ಅವರ ತಂದೆ ಕರ್ನಾಟಕ ಮೂಲದವರು. ಹಾಲಿನ ಸಹಕಾರದ ಮೇಲೆ ಸಾಕ್ಷ್ಯಚಿತ್ರ ಮಾಡಿದ ಮೇಲೆ ಇದನ್ನೇ ಕಥೆಯಾಗಿ ಹೇಳಬೇಕು ಅನ್ನಿಸಿತು. ಹಣ? ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ಹತ್ತು ಲಕ್ಷ ಆಯಿತು. 1976ರಲ್ಲಿ ಮಂಥನ್ ತೆರೆಗೆ ಬಂತು. ಬರೆದವರು ವಿಜಯ್ ತೆಂಡೂಲ್ಕರ್. ಹಳ್ಳಿಗೆ ಬರುವ ದನದ ಡಾಕ್ಟರ್ ರಾವ್ ಪಾತ್ರದಲ್ಲಿ ನಮ್ಮ ಗಿರೀಶ್ ಕಾರ್ನಾಡ್, ಜೊತೆಗೆ ಅನಂತನಾಗ್, ಸ್ಮಿತಾ ಪಾಟೀಲ್, ನಾಸಿರುದ್ದೀನ್ ಷಾ.

ನಿರ್ಮಾಪಕರು ಐದು ಲಕ್ಷ ರೈತರು ಅಂತ ಪರದೆಯ ಮೇಲೆ ಬಂತು. ತಮ್ಮ ಸಿನಿಮಾ ನೋಡಲು ಆ ರೈತರೇ ಲಾರಿ, ಎತ್ತಿನಗಾಡಿ ಕಟ್ಟಿಕೊಂಡು ಬಂದರಂತೆ. ಆಮೇಲೆ ಅದರ ಸಣ್ಣ ಪ್ರಿಂಟ್‌ಗಳನ್ನು ಹಳ್ಳಿ ಹಳ್ಳಿಗೆ ಒಯ್ದು ತೋರಿಸಿದರು. ಜೊತೆಯಲ್ಲಿ ದನದ ಡಾಕ್ಟರು, ಹಾಲು ಪರೀಕ್ಷೆಯವರು, ಮೇವಿನ ವಿಷಯ ತಿಳಿದವರು. ಸಿನಿಮಾ ಮುಗಿದ ಮೇಲೆ ಸಂಘ ಕಟ್ಟುವ ಮಾತು. ಅದರಲ್ಲಿ ಜಾತಿ ಜಗಳ, ಸಾಹುಕಾರನ ಮೋಸ, ಸಂಘ ಒಡೆಯುವುದು ಎಲ್ಲವೂ ಇದೆ. ಹೊಗಳಿಕೆಯ ಸಿನಿಮಾ ಅಲ್ಲ. ಹಾಗಾಗಿಯೇ ನಂಬಿದರು ಅಂತ ನನ್ನ ಲೆಕ್ಕ. 2024ರಲ್ಲಿ ಹಳೇ ಪ್ರತಿಯನ್ನು ಸರಿಪಡಿಸಿ ಫ್ರಾನ್ಸ್ ದೇಶದ ಕಾನ್ ಉತ್ಸವದಲ್ಲಿ ತೋರಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆನೆಗಲ್ ತೀರಿಕೊಂಡರು.

ನಮ್ಮ ರಾಜ್ಯಕ್ಕೂ ಆನಂದ್ ಮಾದರಿ ಬಂದದ್ದು 1974ರಲ್ಲಿ. ಅದರ ಫಲ ನಂದಿನಿ. ನಮ್ಮ ಮನೆಯಲ್ಲೂ ಎರಡು ಹಸುವಿನ ಹಾಲು ಮನೆಯವಳು ಡೇರಿಗೆ ಹಾಕುತ್ತಾಳೆ. ಮಳೆ ಕೈಕೊಟ್ಟ ವರ್ಷ ಒಲೆ ಉರಿದದ್ದು ಅದರಿಂದ. 1996ರಲ್ಲಿ ಡಾ. ರಾಜಕುಮಾರ್ ಒಂದು ಪೈಸೆ ತೆಗೆದುಕೊಳ್ಳದೆ ನಂದಿನಿ ಹಾಲಿನ ಜಾಹೀರಾತಿನಲ್ಲಿ ನಟಿಸಿದರು. 2023ರ ಏಪ್ರಿಲ್‌ನಲ್ಲಿ ಅಮೂಲ್ ಬೆಂಗಳೂರಿಗೆ ಹಾಲು ಮೊಸರು ತರುತ್ತೇನೆ ಅಂದಾಗ ಎಷ್ಟು ಗದ್ದಲ ಆಯಿತು ಅಂತ ಎಲ್ಲರಿಗೂ ನೆನಪಿದೆ. ಆವತ್ತು ಪೇಟೆಯ ಜನ ರಸ್ತೆಗೆ ಬಂದದ್ದು ಹಾಲಿಗಾಗಿ ಅಲ್ಲ, ಹೆಸರಿಗಾಗಿ. 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಬಂತು. ನನಗೆ ಇದು ಅಷ್ಟು ಹಿಡಿಸಲಿಲ್ಲ. ಆ ದುಡ್ಡಿನಲ್ಲಿ ನಮ್ಮ ಜಿಲ್ಲೆಗೆ ಮೇವಿನ ಬೀಜ ಬಂದಿದ್ದರೆ ಅನ್ನಿಸಿತು. ಮಗ ಒಪ್ಪುವುದಿಲ್ಲ. ದುಬೈಯಲ್ಲಿ ಮಾರಬೇಕಾದರೆ ಹೆಸರು ಹೊರದೇಶದಲ್ಲಿ ಕಾಣಬೇಕಪ್ಪಾ ಅನ್ನುತ್ತಾನೆ.

ಎಣ್ಣೆಗೂ ಹೆಸರಿತ್ತು

ಹಾಲಿನದು ಸರಿ, ಬೆದ್ದಲು ಬೆಳೆಗೆ ಇದು ನಡೆಯುತ್ತದೆಯೇ? ನಡೆಸಿ ನೋಡಿದ್ದಾರೆ. ನಾವು ಚಳ್ಳಕೆರೆ ಸೀಮೆಯವರು. ಎಣ್ಣೆ ಮಿಲ್ಲುಗಳಿಂದ ಹೆಸರಾದ ಊರು. ಎಣ್ಣೆಕಾಳು ಬೆಳೆಗಾರರಿಗೂ ಹಾಲಿನವರ ಹಾಗೆ ಸಂಘ ಇರಲಿ ಅಂತ 1984ರಲ್ಲಿ ನಮ್ಮ ರಾಜ್ಯದಲ್ಲಿ ಮಹಾಮಂಡಳ ಆಯಿತು. 1988ರಲ್ಲಿ ಕುರಿಯನ್ ಅವರ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಧಾರಾ ಅಂತ ಹೆಸರಿಟ್ಟು ಎಣ್ಣೆ ಮಾರಲು ಶುರುಮಾಡಿತು. ಎಣ್ಣೆ ದರ ಸಿಕ್ಕಾಪಟ್ಟೆ ಏರಿಳಿಯದಂತೆ, ಬೆಳೆದವನಿಗೂ ತಿನ್ನುವವನಿಗೂ ನ್ಯಾಯ ಸಿಗಲಿ ಅಂತ ಅದರ ಉದ್ದೇಶ.

ಧಾರಾದ ಜಾಹೀರಾತು ಮಾಡಿದ್ದು ಮುದ್ರಾ. ಇದು ಮುಂಬೈ ದಿಲ್ಲಿಯದಲ್ಲ, ಅಹಮದಾಬಾದಿನ ಏಜೆನ್ಸಿ. ಆಂಧ್ರ ಮೂಲದ ಎ.ಜಿ. ಕೃಷ್ಣಮೂರ್ತಿ 1980ರ ಮಾರ್ಚ್ 25ರಂದು 35,000 ರೂಪಾಯಿ ಮತ್ತು ವಿಮಲ್ ಬಟ್ಟೆಯ ಒಂದೇ ಗಿರಾಕಿಯನ್ನು ಇಟ್ಟುಕೊಂಡು ತೆರೆದದ್ದು. ಹತ್ತು ವರ್ಷದೊಳಗೆ ದೇಶದ ದೊಡ್ಡ ಏಜೆನ್ಸಿಗಳ ಸಾಲಿಗೆ ಬಂತು. 1996ರಲ್ಲಿ ಟಿವಿಯಲ್ಲಿ ಬಂದ ಜಿಲೇಬಿ ಹುಡುಗನನ್ನು ನೋಡದವರು ಕಡಿಮೆ. ಮನೆಯಲ್ಲಿ ಮುನಿಸಿಕೊಂಡ ಪುಟ್ಟ ಹುಡುಗ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂರುತ್ತಾನೆ, ಅಂಚೆಯ ರಾಮೂ ಕಾಕಾ ಬಂದು ಮನೆಯಲ್ಲಿ ಅಮ್ಮ ಜಿಲೇಬಿ ಮಾಡಿದ್ದಾಳೆ ಅಂತಾನೆ, ಹುಡುಗ ಕಣ್ಣರಳಿಸುತ್ತಾನೆ. ನಮ್ಮೂರ ಪಂಚಾಯ್ತಿ ಟಿವಿ ಮುಂದೆ ಅದು ಬಂದಾಗಲೆಲ್ಲ ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು.

ಆದರೆ ಅದೇ ಹೊತ್ತಿಗೆ ಬೇರೆ ಕಡೆ ಏನು ನಡೆಯುತ್ತಿತ್ತು ನೋಡಿ. 1994ರಲ್ಲಿ ಪಾಮೋಲಿನ್ ಎಣ್ಣೆಯನ್ನು ಯಾರು ಬೇಕಾದರೂ ಹೊರದೇಶದಿಂದ ತರಬಹುದು ಅಂತ ಕೇಂದ್ರ ಸರಕಾರ ಬಿಟ್ಟಿತು. ಆಗ ಸುಂಕ ನೂರಕ್ಕೆ 65. ಮರುವರ್ಷ 30, ಅದರ ಮರುವರ್ಷ 20, 1998ಕ್ಕೆ 15. ಹಡಗಿನಲ್ಲಿ ಬಂದ ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ನಿಲ್ಲಲಿಲ್ಲ. ನಾನು ಚಿಕ್ಕಂದಿನಲ್ಲಿ ಮೂಟೆ ಹೊತ್ತ ಮಿಲ್ಲುಗಳಲ್ಲಿ ಹಲವು ಬಾಗಿಲು ಹಾಕಿವೆ, ಒಂದೆರಡು ಮದುವೆ ಛತ್ರ ಆಗಿವೆ. ಧಾರಾ ಹೆಸರು ಇವತ್ತಿಗೂ ಇದೆ, ಡೇರಿ ಮಂಡಳಿಯದೇ ಆದ ಮದರ್ ಡೇರಿ ಅದನ್ನು ಮಾರುತ್ತದೆ. ಹೆಸರು ಉಳಿಯಿತು, ನಮ್ಮ ಶೇಂಗಾ ದರ ಉಳಿಯಲಿಲ್ಲ. ಜಿಲೇಬಿ ಹುಡುಗನ ತಪ್ಪು ಅದರಲ್ಲಿ ಏನೂ ಇಲ್ಲ. ಅಂಥ ಒಳ್ಳೆ ಜಾಹೀರಾತಿಗೂ ಸುಂಕದ ಕಡತದ ಮುಂದೆ ಶಕ್ತಿ ಇಲ್ಲ. ಈಗ ದೇಶದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಎಣ್ಣೆಯ ಮೂಲ ಸುಂಕ 20ಕ್ಕೆ ಏರಿಸಿದರು, 2025ರ ಮೇ ತಿಂಗಳಲ್ಲಿ ಮತ್ತೆ 10ಕ್ಕೆ ಇಳಿಸಿದರು. ಬಿತ್ತುವವನು ಯಾವುದನ್ನು ನಂಬಿ ಬಿತ್ತಬೇಕು?

ಹಾಲಿಗೂ ಎಣ್ಣೆಗೂ ಇದ್ದ ವ್ಯತ್ಯಾಸ ನನಗೆ ಕಂಡದ್ದು ಇಷ್ಟು. ಆನಂದ್‌ನಲ್ಲಿ ಹಾಲು ದಿನಾ ಎರಡು ಹೊತ್ತು ಸಂಘಕ್ಕೇ ಬರುತ್ತದೆ, ದಿನಾ ಲೆಕ್ಕ, ದಿನಾ ಬಂಧ. ಶೇಂಗಾ ವರ್ಷಕ್ಕೊಮ್ಮೆ. ಆವತ್ತು ಯಾರು ಐವತ್ತು ರೂಪಾಯಿ ಜಾಸ್ತಿ ಕೊಡುತ್ತಾರೋ ಅವರ ಗಾಡಿಗೆ ಹಾಕುತ್ತೇವೆ. ಸಾಲ ಇದ್ದವನು ಬೇರೇನು ಮಾಡುತ್ತಾನೆ?

ನಮ್ಮೂರ ಹೆಸರು ಪೊಟ್ಟಣದ ಮೇಲೆ

ಇಷ್ಟೆಲ್ಲ ನಾನು ಕೆದಕಲು ಕಾರಣ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಸಿರಿಧಾನ್ಯಕ್ಕೆ ಪೇಟೆಯಲ್ಲಿ ಬೆಲೆ ಬಂದಾಗ ಒಂದು ಕಂಪೆನಿಯವರು ನಮ್ಮೂರಿಗೆ ಬಂದರು. ನವಣೆ ಕೊಂಡರು, ದರವೂ ಮಂಡಿಗಿಂತ ಮೇಲಿತ್ತು. ಫೋಟೋ ತೆಗೆದುಕೊಂಡರು. ಪೊಟ್ಟಣದ ಮೇಲೆ ನಮ್ಮೂರ ಹೆಸರನ್ನೇ ಹಾಕಿ, ತೆನೆ ಹಿಡಿದ ನಮ್ಮ ಕೇರಿಯ ಅಜ್ಜಿಯೊಬ್ಬರ ಚಿತ್ರ ಅಚ್ಚು ಮಾಡಿದ್ದರು. ಅಜ್ಜಿ ಆ ಪೊಟ್ಟಣವನ್ನು ದೇವರ ಮಾಡದಲ್ಲಿ ಇಟ್ಟುಕೊಂಡಿದ್ದರು. ಮರುವರ್ಷ ಕಂಪೆನಿ ಬರಲಿಲ್ಲ. ಬೇರೆ ರಾಜ್ಯದಲ್ಲಿ ಅಗ್ಗಕ್ಕೆ ಸಿಕ್ಕಿತಂತೆ. ಪೊಟ್ಟಣ ಮಾತ್ರ ಅದೇ, ಊರ ಹೆಸರೂ ಅದೇ, ಅಜ್ಜಿಯೂ ಅದೇ. ಬೆಂಗಳೂರಿನಲ್ಲಿರುವ ನಮ್ಮ ಹುಡುಗನೊಬ್ಬ ಅಂಗಡಿಯಲ್ಲಿ ನೋಡಿ ಫೋನ್ ಮಾಡಿದ. ಫೋನ್ ಬಂದಾಗ ನಮ್ಮ ನವಣೆ ಇನ್ನೂ ಕಣದ ಮನೆಯಲ್ಲೇ ಇತ್ತು.

ಕೇಳಲು ಹೋದೆವು. ನೀವು ಹೆಸರು ರಿಜಿಸ್ಟರ್ ಮಾಡಿಸಿದ್ದೀರಾ ಅಂದರು. ವಕೀಲರನ್ನು ಕೇಳಿದೆವು. ಬರೀ ಊರಿನ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ಪಡೆಯುವುದು ಕಷ್ಟ, 1999ರ ಕಾಯಿದೆಯೇ ಹಾಗಿದೆ, ಊರಿನ ಹೆಸರು ಎಲ್ಲರದೂ ಅಂತ ಅಂದರು. ಅಜ್ಜಿಯ ಚಿತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ ಕಾಗದ ಕಂಪೆನಿಯ ಹತ್ತಿರ ಇತ್ತು.

ಈಗ ನಾವು 40 ಮನೆಯವರು ಸಂಘ ಮಾಡಿಕೊಂಡು ಗಾಣದ ಶೇಂಗಾ ಎಣ್ಣೆ, ನವಣೆ ಅಕ್ಕಿ ಮಾಡುತ್ತಿದ್ದೇವೆ. ಹೆಸರು ಹುಡುಕುವಾಗ ತಿಳಿದುಕೊಂಡದ್ದನ್ನು ಇತರರಿಗೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಅರ್ಜಿಯನ್ನು ಕಂಪ್ಯೂಟರ್ ಮೂಲಕವೇ ಹಾಕಬಹುದು. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಅಂತ ದಾಖಲೆ ಇರುವವರಿಗೆ ಒಂದು ವರ್ಗಕ್ಕೆ ರೂ. 4,500, ಬೇರೆಯವರಿಗೆ ರೂ. 9,000. ಅಡುಗೆ ಎಣ್ಣೆ, ಹಾಲು, ಬೆಣ್ಣೆ 29ನೇ ವರ್ಗ. ಅಕ್ಕಿ, ಹಿಟ್ಟು 30ನೇ ವರ್ಗ. ಎರಡೂ ಬೇಕಾದರೆ ಎರಡಕ್ಕೂ ಕಟ್ಟಬೇಕು. ಸಿಕ್ಕಿದ ಮೇಲೆ ಹತ್ತು ವರ್ಷ, ಆಮೇಲೆ ಮತ್ತೆ ನವೀಕರಿಸಬೇಕು. ಅರ್ಜಿಯನ್ನು ಅಧ್ಯಕ್ಷನ ಹೆಸರಲ್ಲೋ ಕಾರ್ಯದರ್ಶಿಯ ಹೆಸರಲ್ಲೋ ಹಾಕಬೇಡಿ, ಸಂಘದ ಹೆಸರಲ್ಲೇ ಹಾಕಿ. ಅಧ್ಯಕ್ಷ ಬದಲಾಗುತ್ತಾನೆ, ಕೆಲವು ಸಲ ಪಕ್ಷವನ್ನೇ ಬದಲಾಯಿಸುತ್ತಾನೆ. ಚಿತ್ರ ಬರೆದುಕೊಟ್ಟವರಿಂದ, ಅದು ಪೇಟೆಯ ಏಜೆನ್ಸಿ ಆಗಲಿ ಊರ ಹುಡುಗನೇ ಆಗಲಿ, ಇದರ ಹಕ್ಕು ಸಂಘದ್ದು ಅಂತ ಬರಹದಲ್ಲಿ ತೆಗೆದುಕೊಂಡು ಬಿಡಿ.

ಹೆಸರಿನ ಬಗ್ಗೆ ನಮ್ಮಲ್ಲಿ ಮೂರು ಸಭೆ ಆಯಿತು. ಊರ ದೇವರ ಹೆಸರಿಡಿ ಅಂದವರೇ ಹೆಚ್ಚು. ಆ ದೇವರ ಹೆಸರಿನಲ್ಲಿ ಸುತ್ತ ಮುತ್ತ ಆಗಲೇ ಊದುಬತ್ತಿ, ಬಸ್ಸು, ಹೋಟೆಲು ಎಲ್ಲ ಇವೆ. ಹೆಂಗಸರ ಕಡೆಯಿಂದ ಒಂದು ಚಿಕ್ಕ ಹೆಸರು ಬಂದಿದೆ, ಎರಡೇ ಅಕ್ಷರ, ಗಾಣ ತಿರುಗುವ ಸದ್ದಿನಂತಿದೆ. ಅದನ್ನೇ ಬರೆದು ಅರ್ಜಿ ಹಾಕಿದ್ದೇವೆ, ಹಾಗಾಗಿ ಇಲ್ಲಿ ಹೇಳುವುದಿಲ್ಲ. ಚಿತ್ರವನ್ನು ನಮ್ಮ ಮಾವನೇ ಬರೆದುಕೊಟ್ಟ. ಕೈ ನಡುಗುತ್ತದೆ, ಆದರೂ ಮೂಗಿಲ್ಲದ ಚಿತ್ರವಾದ್ದರಿಂದ ಚೆನ್ನಾಗಿಯೇ ಬಂದಿದೆ. ಹಕ್ಕುಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ನನ್ನನ್ನೂ ನಂಬಲ್ವೇನೋ ಅಂತ ನಕ್ಕ, ಹಾಕಿದ.

ಇದೇ ದಾರಿಯಲ್ಲಿ ಹೋಗಿ ಹೆಸರು ಪಡೆದ ಸಂಘಗಳು, ಇಲ್ಲವೇ ಅರ್ಜಿ ತಿರಸ್ಕಾರ ಆದವರು ಯಾರಾದರೂ ಇದ್ದರೆ ಪತ್ರಿಕೆಗೆ ಬರೆಯಿರಿ. ಎಷ್ಟು ತಿಂಗಳು ಹಿಡಿಯಿತು, ಯಾರು ತಕರಾರು ತೆಗೆದರು, ವಕೀಲರಿಗೆ ಎಷ್ಟು ಕೊಟ್ಟಿರಿ ಅನ್ನುವುದು ಸೇರಿಸಿ ಬರೆದರೆ ನಮ್ಮಂಥವರಿಗೆ ಅನುಕೂಲ. ನಮ್ಮದು ಏನಾಯಿತು ಅಂತ ನಾನೂ ತಿಳಿಸುತ್ತೇನೆ.